ಅಂಗಡಿ ಬೈಕಿನ ಮುರಿದ ಸ್ಟಡ್ಡು

ಮಂಗಳೂರು ಕಡೆ ನೆಂಟರ ಮದುವೆಗೆ ಹೋದಾಗ ಯಾರಾದರೂ ಊರು ಕೇಳಿದರೆ ಉಪ್ಪ ಮೊದಲು ಚಾಮರಾಜನಗರ ಅನ್ನುತ್ತಾರೆ. ಆಮೇಲೆ ಮೆಲ್ಲಗೆ, "ಅದರಿಂದ ಸ್ವಲ್ಪ ಆಚೆ, ತಮಿಳುನಾಡು" ಅಂತ ಸೇರಿಸುತ್ತಾರೆ. ಗುಮಟಾಪುರ ಅಂದರೆ ನಮ್ಮವರಿಗೆ ತಿಳಿಯುವುದಿಲ್ಲ. ತಾಳವಾಡಿ ಬೆಟ್ಟದ ಊರು, ಈರೋಡ್ ಜಿಲ್ಲೆ. ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ಚಾಮರಾಜನಗರವೇ ಹತ್ತಿರ. ಬೀದಿಯಲ್ಲಿ ಕನ್ನಡ, ಸರಕಾರಿ ಬೋರ್ಡಿನಲ್ಲಿ ತಮಿಳು, ಬ್ಯಾರಿ ಮಾತು ನಮ್ಮ ಮನೆಯ ಹೊಸ್ತಿಲೊಳಗೆ ಮಾತ್ರ. ಬ್ಯಾರಿ ಅಂದರೆ ಏನು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನಾವು 'ಅಂಗಡಿ ಸಾಬ್ರು'.

ಗೊರೆಹಬ್ಬದ ವಿಡಿಯೋ ಮಾತ್ರ ನೀವೂ ನೋಡಿರಬಹುದು. ಬಲಿಪಾಡ್ಯಮಿಯ ಮಾರನೇ ದಿನ ಬೀರೇಶ್ವರ ದೇವಸ್ಥಾನದ ಹತ್ತಿರ ಸಗಣಿ ರಾಶಿ ಹಾಕಿ, ಗಂಡಸರು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದು ಆಡುವ ಹಬ್ಬ. ಅವತ್ತು ಸೋಡ, ಬಾಳೆಹಣ್ಣು, ಸೋಪು ಚೆನ್ನಾಗಿ ಹೋಗುತ್ತದೆ. ಅಂಗಡಿ ಮುಂದೆ ನಿಂತ ಉಪ್ಪನ ಹಳೇ ಸ್ಪ್ಲೆಂಡರಿಗೂ ವರ್ಷ ವರ್ಷ ಪಾಲು ಸಿಗುತ್ತದೆ. ಸಂಜೆ ಒಂದು ಬಕೆಟ್ ನೀರು ಹೊಡೆದರೆ ಮೇಲೆ ಹೋಗುತ್ತದೆ, ಇಂಜಿನ್ನಿನ ಫಿನ್ನುಗಳ ಸಂದಿಯಲ್ಲಿ, ಸೈಲೆನ್ಸರ್ ಪೈಪ್ ಸೇರುವ ಜಾಗದಲ್ಲಿ ಕೂತದ್ದು ಹೋಗುವುದಿಲ್ಲ. ಅಲ್ಲಿ ಒಣಗಿ, ಮತ್ತೆ ತೇವ ಹಿಡಿದು, ತುಕ್ಕು ಬೆಳೆಸುತ್ತದೆ.

ಈ ಸಲ ದೀಪಾವಳಿ ರಜೆಗೆ ಬಂದಾಗ ಬೈಕು ಪಟ್ ಪಟ್ ಅಂತ ಒಡೆದ ಸದ್ದು ಮಾಡುತ್ತಿತ್ತು. ಪೈಪಿನ ಗ್ಯಾಸ್ಕೆಟ್ ಸುಟ್ಟಿತ್ತು. ಎರಡು ನಟ್ ಬಿಚ್ಚಿದರೆ ಮುಗಿಯುವ ಕೆಲಸ. ಉಪ್ಪ, "ಮೋನೆ, ಚಾಮರಾಜನಗರದಲ್ಲಿ ಕೊಟ್ಟು ಬರುವ" ಅಂದರು. "ಇದಕ್ಕೆಲ್ಲ ದುಡ್ಡು ಕೊಡುವುದಾ?" ಅಂದೆ ನಾನು. ಉಪ್ಪ ಗಿರಾಕಿಗಳ ಹತ್ತಿರ "ನನ್ನ ಮಗ ಮೆಕ್ಯಾನಿಕಲ್ ಇಂಜಿನಿಯರ್" ಅನ್ನುತ್ತಾರೆ. ಡಿಪ್ಲೊಮಾ ಅಂತ ನಾನು ತಿದ್ದುವುದನ್ನು ಬಿಟ್ಟು ವರ್ಷಗಳಾದವು.

ಒಂದು ನಟ್ ಬಂತು. ಇನ್ನೊಂದು ಅಲ್ಲಾಡಲಿಲ್ಲ. ಆರು ಎಂ.ಎಂ. ಸ್ಟಡ್ಡು ಅದು, ಪೆನ್ಸಿಲಿಗಿಂತಲೂ ತೆಳು. ಅದನ್ನು ಬಿಗಿ ಮಾಡಲು ಸಣ್ಣ ಸ್ಪಾನರು, ಒಂದು ಕೈ ಸಾಕು. ನಾನು ಸ್ಪಾನರಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಎಳೆದೆ. ಸ್ವಲ್ಪ ಹೊತ್ತಿಗೆ ಮೆತ್ತಗೆ ತಿರುಗಿತು. ಬಂತು ಅಂತ ಖುಷಿಯಾಯಿತು. ಬ್ಯಾರಿಯಲ್ಲೋ ಕನ್ನಡದಲ್ಲೋ, ಆ ಮೆತ್ತಗೆಗೆ ಬೇರೆ ಹೆಸರು ಇರಬೇಕಿತ್ತು. ತುಕ್ಕು ಹಿಡಿದ ನಟ್ ಬಿಡುವಾಗ ಟಕ್ ಅಂತ ಬಿಡುತ್ತದೆ. ರಬ್ಬರಿನ ಹಾಗೆ ತಿರುಗಿದರೆ ಸುರುಳಿ ಸುತ್ತುತ್ತಿರುವುದು ಸ್ಟಡ್ಡೇ. ಆ ಕ್ಷಣ ಕೈ ಬಿಡಬೇಕು. ನಾನು ಬಿಡಲಿಲ್ಲ. ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ಮುರಿಯಿತು.

ಮುಂಚೆಯೇ ಮಾಡಬೇಕಾಗಿದ್ದದ್ದು ನನಗೆ ಗೊತ್ತಿತ್ತು, ಅದೇ ಹೊಟ್ಟೆ ಉರಿ. ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಬೇಕು. ಬೆಳಿಗ್ಗೆ ಇಂಜಿನ್ ಬಿಸಿ ಮಾಡಬೇಕು. ಹೆಡ್ಡಿನ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆಗ ಸ್ಟಡ್ಡಿನ ಮೇಲಿನ ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಬಿಚ್ಚುವ ಮೊದಲು ಒಂದು ಕೂದಲಿನಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಹಿಂದೆ ಮುಂದೆ ಆಡಿಸಬೇಕು. ಆಗಲೂ ಬಾರದಿದ್ದರೆ ನಟ್ಟನ್ನೇ ಗರಗಸದಲ್ಲಿ ಸೀಳಬೇಕು. ನಟ್ಟಿಗೆ ಐದು ರೂಪಾಯಿ. ಸ್ಟಡ್ಡು ಸ್ವಲ್ಪ ಹೊರಗೆ ಉಳಿದರೂ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಒಳಗಿನದನ್ನು ತಿರುಗಿಸಿದರೆ ಸ್ಟಡ್ಡು ಹೊರಗೆ ಬರುತ್ತದೆ.

ನನಗೆ ಏನೂ ಉಳಿದಿರಲಿಲ್ಲ. ಪಕ್ಕದವರ ಡ್ರಿಲ್ ತಂದೆ. ಮುರಿದ ಮುಖ ಓರೆಯಾಗಿತ್ತು, ಪಂಚು ಜಾರಿತು. ಬಿಟ್ಟು ಉಕ್ಕನ್ನು ಬಿಟ್ಟು ಮೃದುವಾದ ಅಲ್ಯೂಮಿನಿಯಂ ಕಡೆ ಓಡಿತು. ಗಲ್ಲಾದಲ್ಲಿ ಕೂತಿದ್ದ ಉಪ್ಪ ಎದ್ದು ಬಂದು ಡ್ರಿಲ್ಲಿನ ಪ್ಲಗ್ ಕಿತ್ತರು. ಏನೂ ಮಾತಾಡಲಿಲ್ಲ. ವಾರಕ್ಕೆ ಮೂರು ದಿನ ಅದೇ ಬೈಕಿನಲ್ಲಿ ತಾಳವಾಡಿಯಿಂದ ಸಾಮಾನು ತರುತ್ತಾರೆ. ಬೇರೆ ಗಾಡಿ ಅವರಿಗೆ ಕೈ ಕೂರುವುದಿಲ್ಲ. ನನ್ನ ಬಸ್ಸು ಮರುದಿನ ರಾತ್ರಿ.

ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಬೈಕು ಏರಿಸಿ ಚಾಮರಾಜನಗರಕ್ಕೆ ಹೋದೆವು. ವರ್ಕ್‌ಶಾಪಿನ ಹುಡುಗ ನನ್ನ ತಮ್ಮನ ವಯಸ್ಸಿನವನು. ಟ್ಯಾಂಕ್ ಇಳಿಸಿದ, ಬ್ಯಾಟರಿ ಬಿಚ್ಚಿದ, ಅರ್ಥ್ ಕ್ಲಿಪ್ಪನ್ನು ಇಂಜಿನ್ನಿಗೇ ಹಾಕಿದ. ಮುರಿದ ತುಂಡಿನ ಮೇಲೆ ಒಂದು ವಾಷರ್ ಇಟ್ಟು, ಅದರ ತೂತಿನಲ್ಲಿ ವೆಲ್ಡಿಂಗ್ ತುಂಬಿ ಎರಡನ್ನೂ ಹಿಡಿಸಿದ. ಅಲ್ಯೂಮಿನಿಯಂಗೆ ಆ ವೆಲ್ಡಿಂಗ್ ಅಂಟುವುದಿಲ್ಲ, ಅದೇ ಅನುಕೂಲ. ಅದರ ಮೇಲೆ ಒಂದು ನಟ್ ವೆಲ್ಡ್ ಮಾಡಿ ಬೀಡಿ ಹಚ್ಚಿದ. ನನಗೆ ಅವಸರ, ಅವನಿಗಿಲ್ಲ. ತಣ್ಣಗಾದ ಮೇಲೆ ಹಿಂದೆ ಮುಂದೆ ಆಡಿಸಿದ. ಟಕ್ ಅಂತು. ಆ ಬಿಸಿಗೇ ತುಕ್ಕು ಬಿಟ್ಟಿತ್ತು.

ತೂತಿನ ಬಾಯಲ್ಲಿ ನನ್ನ ಡ್ರಿಲ್ಲಿನ ಗಾಯ. ಹುಡುಗ ಟ್ಯಾಪ್ ಹಾಕಿ ನೋಡಿ, "ಒಳಗಡೆ ಮರೆ ಚೆನ್ನಾಗೈತೆ, ಬದುಕ್ಕೊತು" ಅಂದ. ಹೊಸ ಸ್ಟಡ್ಡಿಗೆ ತಾಮ್ರದ ಗ್ರೀಸ್ ಹಚ್ಚಿ, ಹಿತ್ತಾಳೆ ನಟ್ ಹಾಕಿದ. ಆಮೇಲೆ ತಲೆ ಎತ್ತಿ ಉಪ್ಪನನ್ನು ಕೇಳಿದ, "ಯಾರ್ ಸಾಬ್ರೆ ಇಂಗ್ ಕೊರೆದಿರೋದು? ಇವ್ರು ಏನ್ ಓದವ್ರೆ?"

ನಾನು ಬಾಯಿ ತೆರೆಯುವುದರೊಳಗೆ ಉಪ್ಪ ಅಂದರು, "ಏನಿಲ್ಲಪ್ಪ, ನನ್ನ ಜೊತೆ ಅಂಗಡಿಯಲ್ಲಿ ಕೂರ್ತಾನೆ."

ಇಪ್ಪತ್ತು ವರ್ಷದಲ್ಲಿ ನನ್ನ ಓದನ್ನು ಅವರು ಮುಚ್ಚಿಟ್ಟದ್ದು ಅದೊಂದೇ ಸಲ. ವೆಲ್ಡಿಂಗು, ಸ್ಟಡ್ಡು, ಆಟೋ ಬಾಡಿಗೆ ಎಲ್ಲ ಅವರೇ ಕೊಟ್ಟರು. ನನ್ನ ದುಡ್ಡು ತಳ್ಳಿಬಿಟ್ಟರು. ವಾಪಸು ಬರುವಾಗ ನಾನು ಬೈಕು ಬಿಟ್ಟೆ, ಅವರು ಹಿಂದೆ ಕೂತರು. ಸದ್ದು ಇರಲಿಲ್ಲ.

ರಾತ್ರಿ ಬಸ್ಸಿಗೆ ಹೊರಡುವಾಗ ಗಲ್ಲಾದ ಮೇಲೆ ಸಾಲದ ಪುಸ್ತಕ ತೆರೆದಿತ್ತು. ಊರವರ ಹೆಸರುಗಳ ಕೆಳಗೆ ಉಪ್ಪನ ಕೈಬರಹದಲ್ಲಿ ನನ್ನ ಹೆಸರು: ಸ್ಟಡ್ಡು 1, ಬಾಡಿಗೆ ಸಹಿತ 1,150. ಮುಂದಿನ ಹಬ್ಬಕ್ಕೆ ಕೊಡುತ್ತೇನೆ ಅಂದೆ. "ಎಲ್ಲರೂ ಹಾಗೇ ಹೇಳುವುದು" ಅಂದರು ಉಪ್ಪ.