ಚೆನ್ನೈ ಮಳೆ ನಮ್ಮ ಗಾಡಿಗೆ ಬಂದದ್ದು

2016ನೇ ಇಸವಿ ಆಷಾಢದಲ್ಲಿ ನಾವು ಒಂದು ಹಳೇ ವ್ಯಾನು ತಂದೆವು. ಆಷಾಢದಲ್ಲಿ ಯಾರಾದ್ರೂ ಗಾಡಿ ತರ್ತಾರಾ ಅಂತ ನನ್ನ ಹೆಂಡತಿ ಬಾಗಿಲಲ್ಲೇ ಕೇಳಿದಳು. ಆರತಿ ಎತ್ತಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಮಾತ್ರ ಇಟ್ಟಳು. ಆಮೇಲೆ ಆದದ್ದಕ್ಕೆಲ್ಲ ಅವಳು ಆಷಾಢವನ್ನೇ ದೂರುತ್ತಾ ಬಂದವ್ಳೆ. ತಪ್ಪು ಆಷಾಢದ್ದಲ್ಲ.

ಗಾಡಿ ಬೇಕಾಗಿದ್ದು ಎರಡು ಕೆಲಸಕ್ಕೆ. ಹೊಲದ ಕೋಸು, ಬೀಟ್‌ರೂಟು, ಚೆಂಡುಹೂವ ಸತ್ಯಮಂಗಲಕ್ಕೋ ಚಾಮರಾಜನಗರಕ್ಕೋ ಸಾಗಿಸೋದು ಒಂದು. ಹಬ್ಬ, ಜಾತ್ರೆ ಬಂದರೆ ಹಿಂದಿನ ಸೀಟು ಕೂರಿಸಿ ನಮ್ಮ ಕಂಸಾಳೆ ಮೇಳದವರನ್ನು ಕರ್ಕೊಂಡು ಹೋಗೋದು ಇನ್ನೊಂದು. ಚಾಮರಾಜನಗರ ತಾಳವಾಡಿಗೆ ಪಕ್ಕದ ಮನೆ ಇದ್ದಂಗೆ, ಅಲ್ಲಿ ಹಳೇ ಗಾಡಿಗೇನೂ ಬರ ಇಲ್ಲ. ಆದರೆ ನಾವಿರೋದು ತಮಿಳುನಾಡಿನಲ್ಲಿ. ಕರ್ನಾಟಕದ ನಂಬರಿನ ಗಾಡಿ ತಂದರೆ ಅಲ್ಲಿಂದ ಎನ್.ಒ.ಸಿ. ತರಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು, ನಂಬರು ಬದಲಾಯಿಸಬೇಕು. ಮಾತು ಕನ್ನಡ, ಕಾಗದ ತಮಿಳು, ಇದು ನಮ್ಮ ಕಡೆಯವರಿಗೆಲ್ಲ ಗೊತ್ತಿರೋ ಪಾಡು. ಅದಕ್ಕೇ ಘಟ್ಟದ ಕೆಳಗೆ ಹುಡುಕಿದೆವು.

ಸಿಕ್ಕಿತು. ಬಿಳೀ ಬಣ್ಣ, ಥಳಥಳ ಅಂತಿತ್ತು. ನಂಬರು ಟಿ.ಎನ್. 11, ಅಂದರೆ ಚೆನ್ನೈ ಪಕ್ಕದ ತಾಂಬರಂ. ಅದೇ ವಯಸ್ಸಿನ ಬೇರೆ ಗಾಡಿಗಳಿಗೆ 2 ಲಕ್ಷ ಕೇಳುತ್ತಿದ್ದರು, ಇದಕ್ಕೆ 1,40,000. ಒಳಗೆ ಕೂತರೆ ಮಲ್ಲಿಗೆ ಸೆಂಟಿನ ವಾಸನೆ. ಕಾಲಡಿ ಹೊಸಾ ಮ್ಯಾಟು. ಹಳೇ ಗಾಡಿಗೆ ಹೊಸಾ ಮ್ಯಾಟು ಯಾಕೆ ಅಂತ ನಾನು ಕೇಳಲಿಲ್ಲ. ಎತ್ತು ಕೊಳ್ಳೋಕೆ ಹೋದರೆ ಹಲ್ಲು ನೋಡ್ತೀನಿ, ಸುಳಿ ನೋಡ್ತೀನಿ, ನಡೆಸಿ ನೋಡ್ತೀನಿ. ಗಾಡಿಗೆ ಬಣ್ಣ ನೋಡಿ ದುಡ್ಡು ಕೊಟ್ಟುಬುಟ್ಟೆ.

ಮೊದಲನೇ ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಗಿನ ಜಾವ ಹಾರ್ನು ತಾನಾಗೇ ಕೂಗಿಕೊಂಡಿತು. ಕಾಡಂಚಿನ ಮನೆ ನಮ್ಮದು, ಆನೆ ಬಂತು ಅಂತ ಬೀದಿಯವರೆಲ್ಲ ಎದ್ದರು. ಇನ್ನೊಂದು ದಿನ ಬಿಸಿಲಿನಲ್ಲಿ ವೈಪರು ಆಡತೊಡಗಿತು. ಬಿಸಿಲೇರಿದರೆ ಎಲ್ಲಾ ಸರಿ, ಇಬ್ಬನಿ ಬಿದ್ದ ಬೆಳಗ್ಗೆ ಏನಾದರೊಂದು ಚೇಷ್ಟೆ. ಆ ವರ್ಷ ಮಳೆ ಕೈಕೊಟ್ಟಿತ್ತು, ಕೆರೆ ಕಟ್ಟೆಯೆಲ್ಲ ಒಣಗಿತ್ತು. ಆದರೂ ದೀಪದ ಗಾಜಿನ ಒಳಗಡೆ ಮಾತ್ರ ನೀರಿನ ಹನಿ ಕೂತಿರುತ್ತಿತ್ತು.

ಬಾನೆಟ್ ಎತ್ತಿ ನೋಡಿದಾಗ ವೈರಿನ ತುದಿಯಲ್ಲಿ ಹಸಿರು ಪುಡಿ ಕಂಡಿತು. ಕಿಲುಬು. ಅದು ನನಗೆ ಹೊಸದಲ್ಲ. ಕಂಸಾಳೆಯ ಬಟ್ಟಲು, ತಾಳ ಎರಡೂ ಕಂಚು. ಮಳೆಗಾಲದಲ್ಲಿ ಗೂಟಕ್ಕೆ ನೇತುಹಾಕಿ ತಿಂಗಳುಗಟ್ಟಲೆ ಮುಟ್ಟದಿದ್ದರೆ ಕಿಲುಬು ಹಿಡೀತದೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಹೊನ್ನಿನಂಗೆ ಹೊಳೀತದೆ. ಅದೇ ಬುದ್ಧಿ ಓಡಿಸಿದೆ. ಹುಣಸೆ ಕಿವುಚಿ, ಚಿಟಿಕೆ ಉಪ್ಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಕನೆಕ್ಟರನ್ನೂ ಉಜ್ಜಿದೆ. ಮಗ ಬೇಡ ಅಂದ, ಕೇಳಲಿಲ್ಲ. ಎರಡು ದಿನ ದೀಪ ಎಂದೂ ಇಲ್ಲದಂಗೆ ಉರಿಯಿತು. ನಾನು ಊರೆಲ್ಲ ಹೇಳಿಕೊಂಡು ಬಂದೆ. ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮೊದಲಿಗಿಂತ ದಪ್ಪಗೆ ಕಿಲುಬು ಕೂತಿತ್ತು. ಬಟ್ಟಲನ್ನಾದರೆ ತಿಕ್ಕಿದ ಮೇಲೆ ನೀರಲ್ಲಿ ಅದ್ದಿ ಬಟ್ಟೆಯಲ್ಲಿ ಒರೆಸ್ತೀವಿ. ವೈರಿನ ಎಳೆಗಳ ನಡುವೆ ಹೋದ ಹುಳಿ, ಉಪ್ಪನ್ನು ಒರೆಸೋರು ಯಾರು?

ಮಧ್ಯದಲ್ಲಿ ಒಬ್ಬ ಹುಡುಗ ಟೇಪು ಸುತ್ತಿಕೊಟ್ಟ. ಫ್ಯೂಸು ಸುಟ್ಟು ಸುಟ್ಟು ಹೋಗುತ್ತಿದೆ ಅಂದದ್ದಕ್ಕೆ 15 ಆಂಪಿಯರ್ ತೆಗೆದು 30 ಹಾಕಿದ. ನಮಗೆ ಖುಷಿ, ಫ್ಯೂಸು ಸುಡೋದು ನಿಂತಿತು. ಅದು ಎಂಥಾ ಕೆಲಸ ಅಂತ ದಿಂಬಂ ಘಟ್ಟದಲ್ಲಿ ಗೊತ್ತಾಯ್ತು.

ದಸರಾ ಮುಗಿದ ವಾರ ಸತ್ಯಮಂಗಲದ ಕಡೆ ಒಂದು ಕಾರ್ಯಕ್ರಮ ಮುಗಿಸಿ ರಾತ್ರಿ ಹಿಂದಕ್ಕೆ ಹೊರಟೆವು. ಮಗ ಓಡಿಸುತ್ತಿದ್ದ, ಮೇಳದವರು ಐದು ಜನ ಹಿಂದೆ. ರಾತ್ರಿ ಸಂಚಾರಕ್ಕೆ ಕಟ್ಟು ಬಂದದ್ದು 2022ರಲ್ಲಿ, ಆಗಿನ್ನೂ ಇರಲಿಲ್ಲ. ಬಣ್ಣಾರಿ ದಾಟಿ ಘಟ್ಟ ಹತ್ತಿದೆವು. 27 ತಿರುವು ಅಲ್ಲಿ. ಪ್ರತಿ ತಿರುವಿಗೂ ಮಗ ಇಂಡಿಕೇಟರ್ ಹಾಕಿದಾಗ ಅದು ಮಿಣುಕಿದಂತೆಲ್ಲ ಮುಂದಿನ ದೊಡ್ಡ ದೀಪ ಮಂಕಾಗುತ್ತಿತ್ತು. ಮಿಣುಕು, ಮಂಕು, ಮಿಣುಕು, ಮಂಕು. ಹಿಂದೆ ಕೂತವರು ಅದಕ್ಕೇ ತಾಳ ಹಾಕಿ ನಕ್ಕರು. ಇಪ್ಪತ್ತನೇ ತಿರುವು ದಾಟಿದ ಮೇಲೆ ರಬ್ಬರು ಸುಟ್ಟ ವಾಸನೆ ಬಂತು. ಡ್ಯಾಶ್‌ಬೋರ್ಡಿನ ಸಂದಿಯಿಂದ ಹೊಗೆ. ಆಮೇಲೆ ದೀಪ ಎರಡೂ ಹೋಯಿತು.

ಮಗ ಬ್ರೇಕು ಒತ್ತಿ ಹಂಗೇ ನಿಲ್ಲಿಸಿದ. ಎಡಗಡೆ ಕಟ್ಟೆ, ಅದರಾಚೆ ಏನೂ ಇಲ್ಲ. ನಾವು ಇಳಿದು ಎರಡು ಚಕ್ರಕ್ಕೆ ಕಲ್ಲು ಕೊಟ್ಟೆವು. ಮಗ ಬ್ಯಾಟರಿಯ ನೆಗೆಟಿವ್ ವೈರು ಕಿತ್ತ, ಹೊಗೆ ನಿಂತಿತು. ಅದೊಂದು ಬುದ್ಧಿ ಅವನಿಗೆ ಹೊಳೆಯದಿದ್ದರೆ ಗಾಡಿ ಉಳೀತಿರಲಿಲ್ಲ. ಆನೆ ಇರೋ ದಾರಿ. ಯಾರೂ ಮಾತಾಡಲಿಲ್ಲ. ಮಾದಪ್ಪನ ಹಾಡನ್ನು ಎಷ್ಟೋ ರಾತ್ರಿ ಬೆಳಗಾಗೋವರೆಗೆ ಹಾಡಿರೋನು ನಾನು, ಆವತ್ತು ಗಂಟಲಲ್ಲಿ ಒಂದು ಸೊಲ್ಲು ಹುಟ್ಟಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಒಂದು ತಮಿಳು ಲಾರಿ ಬಂತು. ಡ್ರೈವರು ವಿಷಯ ಕೇಳಿ, 'ಎನ್ ಪಿನ್ನಾಡಿಯೇ ವಾಂಗ' ಅಂದ. ಅವನ ಹಿಂದಿನ ಕೆಂಪು ದೀಪವನ್ನೇ ನೋಡಿಕೊಂಡು, ನಮ್ಮವನೊಬ್ಬ ಕಿಟಕಿಯಿಂದ ಮೊಬೈಲ್ ಬೆಳಕು ಹಿಡಿದುಕೊಂಡು, ನಡೆಯೋ ವೇಗದಲ್ಲಿ ದಿಂಬಂ ತಲುಪಿದೆವು. ಬೆಳಗಾಗೋವರೆಗೆ ಅಲ್ಲೇ ಕೂತೆವು.

ಚಾಮರಾಜನಗರದಲ್ಲಿ ವೈರಿಂಗ್ ಕೆಲಸದ ಸಾಬರೊಬ್ಬರು ಇದ್ದಾರೆ. ಗಾಡಿ ಅವರ ಮುಂದೆ ನಿಲ್ಲಿಸಿದೆವು. ಅವರು ಬಾನೆಟ್ ಎತ್ತಲೇ ಇಲ್ಲ. ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ ಹೊರಕ್ಕೆ ಎಳೆದರು. ಕೊನೆಯ ಎರಡಡಿ ಮಣ್ಣಿನ ಬಣ್ಣ. ಮ್ಯಾಟ್ ಎತ್ತಿ ಸೀಟಿನ ಬೋಲ್ಟು ತೋರಿಸಿದರು, ತುಕ್ಕು. ಸ್ಟೆಪ್ನಿ ಚಕ್ರದ ಗೂಡಿನಲ್ಲಿ ಬೆರಳಾಡಿಸಿ ಬೂದು ಬಣ್ಣದ ನುಣ್ಣನೆ ಜೇಡಿ ತೆಗೆದರು.

'ಇದು ನೀರು ಕುಡಿದ ಗಾಡಿ ಕಣಣ್ಣ. ಸೀಟಿನ ಮಟ್ಟ ದಾಟಿ ನಿಂತದೆ ನೀರು,' ಅಂದರು.

ಡ್ಯಾಶ್‌ಬೋರ್ಡು ಬಿಚ್ಚಿದಾಗ ಅದರ ಹಿಂದೆ ಕೆಸರಿಗೆ ಅಂಟಿಕೊಂಡು ಒಣಗಿದ ಒಂದು ಚೀಟಿ ಸಿಕ್ಕಿತು. ತಮಿಳಿನಲ್ಲಿದ್ದ ಔಷಧಿ ಅಂಗಡಿ ಬಿಲ್ಲು, ಊರು ಮುಡಿಚ್ಚೂರು, ತಿಂಗಳು 2015ರ ನವೆಂಬರು. ಆಗ ಗೊತ್ತಾಯ್ತು. ಆ ವರ್ಷ ನವೆಂಬರ್, ಡಿಸೆಂಬರಿನಲ್ಲಿ ಚೆನ್ನೈಗೆ ಬಿದ್ದ ಮಳೆ ಎಲ್ಲರಿಗೂ ನೆನಪಿರಬೇಕು. ಡಿಸೆಂಬರ್ 1ರ ರಾತ್ರಿ ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟು, ಅಡಯಾರು ಹೊಳೆ ಉಕ್ಕಿ, ವಿಮಾನ ನಿಲ್ದಾಣದೊಳಕ್ಕೇ ನೀರು ನುಗ್ಗಿತ್ತು. ಮುಡಿಚ್ಚೂರು ಆ ಹೊಳೆಯ ಮಗ್ಗುಲಿನದು. ಮುಳುಗಿದ ಗಾಡಿಗಳನ್ನು ವಿಮೆಯವರು ಲೆಕ್ಕ ಚುಕ್ತಾ ಮಾಡಿ ಹರಾಜು ಹಾಕ್ತಾರೆ, ತಗೊಂಡವರು ತೊಳೆದು, ಬಣ್ಣ ಹೊಡೆದು ದೂರದ ಊರಿಗೆ ಸಾಗಿಸ್ತಾರೆ ಅಂದರು ಸಾಬರು. ಆರ್.ಸಿ. ಪುಸ್ತಕದಲ್ಲಿ ಮಾಲೀಕರ ಹೆಸರು ಇರ್ತದೆ, ನೀರು ಕುಡಿದ ಸಂಗತಿ ಇರೋಲ್ಲ. ನಮಗೆ ಮಾರಿದವನಿಗೆ ಇದು ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೆ ಮಲ್ಲಿಗೆ ಸೆಂಟು ಯಾಕೆ ಹೊಡೀತಿದ್ದ?

ಸಾಬರು ಒಂದು ವೈರು ತೆಗೆದುಕೊಂಡರು. ಮೇಲೆ ಒಳ್ಳೇ ಕೆಂಪು ಪ್ಲಾಸ್ಟಿಕ್, ಎಲ್ಲೂ ಬಿರುಕಿಲ್ಲ. ತುದಿಯಿಂದ ಗೇಣುದ್ದ ಸೀಳಿದರು. ಒಳಗೆ ತಾಮ್ರದ ಎಳೆ ಕಪ್ಪಗೆ, ಹಸಿರಾಗಿ, ಮುಟ್ಟಿದರೆ ಪುಡಿ. ದೀಪದ ಬತ್ತಿ ಎಣ್ಣೆ ಎಳೆದಂಗೆ ವೈರು ತುದಿಯಿಂದ ನೀರು ಎಳೆದುಕೊಳ್ತದಂತೆ. ನೀರು ಆರಿದರೂ ಅದರ ಉಪ್ಪು, ಕೊಳಕು ಒಳಗೇ ಉಳೀತದೆ. ಇಬ್ಬನಿ ಬಿದ್ದಾಗಲೆಲ್ಲ ಮತ್ತೆ ಪಸೆ ಹಿಡಿದು, ಬ್ಯಾಟರಿಯ ಕರೆಂಟೂ ಸೇರಿ ತಾಮ್ರವನ್ನು ತಿನ್ನುತ್ತದೆ.

ಇನ್ನೊಂದು ತೋರಿಸಿದರು, ಅದು ನನಗೆ ಮರೆಯಲ್ಲ. ದೀಪದ ವೈರಿಗೆ ಮೀಟರ್ ಹಿಡಿದರು. 12 ವೋಲ್ಟಿನ ಮೇಲೆ ತೋರಿಸಿತು. 'ಕರೆಂಟು ಸರಿಯಾಗೇ ಅದೆಯಲ್ಲ?' ಅಂದೆ. ಅದೇ ವೈರಿಗೆ ದೊಡ್ಡ ಬಲ್ಬು ಕೊಟ್ಟು ಮತ್ತೆ ಮೀಟರ್ ಹಿಡಿದರು. ಏಳಕ್ಕೆ ಇಳಿಯಿತು, ಬಲ್ಬು ಬೀಡಿ ಬೆಂಕಿ ಥರ ಕೆಂಪಗಾಯಿತು. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರಿಗೆ ಸಾಕು, ಅದು ಏನೂ ಎಳೆಯಲ್ಲ. ಭಾರ ಹೊರಿಸಿದಾಗಲೇ ನಿಜ ಗೊತ್ತಾಗೋದು. ಉಳಿದ ಕರೆಂಟೆಲ್ಲ ಆ ಕೆಟ್ಟ ಜಾಗದಲ್ಲೇ ಬಿಸಿಯಾಗಿ ಹೋಗ್ತದೆ. ನಮ್ಮ ಸ್ವಿಚ್ಚಿನ ಹಿಂದಿನ ಕನೆಕ್ಟರು ಕರಗಿದ್ದು ಹಾಗೆ. ಪ್ಲಾಸ್ಟಿಕ್ ಕರಗಿ ವೈರಿಗೆ ವೈರು ತಾಗಿದಾಗ 15ರ ಫ್ಯೂಸು ಇದ್ದಿದ್ದರೆ ಬೇಗ ಸುಟ್ಟು ನಮ್ಮನ್ನು ಉಳಿಸುತ್ತಿತ್ತು, 30 ಇದ್ದದ್ದಕ್ಕೆ ಫ್ಯೂಸಿನ ಬದಲು ವೈರು ಸುಟ್ಟಿತು. ದೀಪ ಮಂಕಾಗುತ್ತಿದ್ದದ್ದಕ್ಕೆ ಕಾರಣ ಬೇರೆ: ಅರ್ತಿಂಗು. ಗಾಡಿಯ ಕಬ್ಬಿಣದ ಮೈಯೇ ಎಲ್ಲ ದೀಪಕ್ಕೂ ವಾಪಸ್ ದಾರಿ. ಮುಂದಿನ ದೀಪಗಳೆಲ್ಲ ಮೈಗೆ ಸೇರೋ ಆ ಒಂದು ಬೋಲ್ಟು ತುಕ್ಕು ಹಿಡಿದಿತ್ತು, ಒಂದೇ ಓಣಿಯಲ್ಲಿ ಎರಡು ಗಾಡಿ ನುಗ್ಗಿದಂಗೆ ಆಗುತ್ತಿತ್ತು.

ಪೂರ್ತಿ ವೈರಿಂಗ್ ಬದಲಾಯಿಸಲು 22,000 ಆಗ್ತದೆ ಅಂದರು. ಕೈಯಲ್ಲಿ ಅಷ್ಟಿಲ್ಲ. ದೀಪದ ವೈರು, ಸ್ವಿಚ್ಚು ಮಾತ್ರ ಸರಿ ಮಾಡಿಸಿ, ಹಳೇ ಫ್ಯೂಸ್ ಹಾಕಿಸಿಕೊಂಡು ಮನೆಗೆ ತಂದೆ. ತಂದು ಮಾರಿಬಿಡೋಣ ಅಂತ ತೀರ್ಮಾನ ಮಾಡಿದೆ.

ಇನ್ನು ಮುಂದಿನದನ್ನು ಬರೆಯೋಕೆ ಸಂಕೋಚ ಆಯ್ತದೆ. ದೀಪಾವಳಿ ಕಳೆದು, ಗುಮಟಾಪುರದ ಗೊರೆಹಬ್ಬ ಮುಗಿದ ವಾರ ಪಕ್ಕದ ಹಳ್ಳಿಯ ಒಬ್ಬ ಹುಡುಗ ಬಂದ. ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಗಾಡಿ ಬೇಕು ಅಂದ. ಒಂದು ಸುತ್ತು ಹೊಡೆದ, ದೀಪ ಹಾಕಿ ನೋಡಿದ. 'ಯಾಕಣ್ಣ ಮಾರ್ತಿದೀಯ?' ಅಂದ. 'ವಯಸ್ಸಾಯ್ತು ಕಣಪ್ಪ, ಮೇಳಕ್ಕೆ ಹೋಗೋದು ಕಡಿಮೆ ಆಯ್ತು,' ಅಂದೆ. ಬಾಯಿಗೆ ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. 1,35,000ಕ್ಕೆ ಮಾತಾಯಿತು. ಐನೂರರ ಇಪ್ಪತ್ತು ನೋಟು ಮುಂಗಡ ಕೊಟ್ಟು ಹೋದ.

ಗಾಡಿ ಕೊಡೋ ಮುಂಚೆ ಹಿಂದಿನ ಲೈಟು ನೋಡಿಸೋಣ ಅಂತ ಸಾಬರ ಹತ್ತಿರ ಹೋದೆ. ಮಾರ್ತಿದೀನಿ ಅಂದೆ. ಅವರು ಕೆಲಸ ನಿಲ್ಲಿಸದೇ, 'ಮ್ಯಾಟ್ ಎತ್ತಿ ತೋರಿಸಿದ್ರಾ?' ಅಂತ ಕೇಳಿದರು. ಅಷ್ಟೇ. ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ತಕ್ಷಣ ಹೋಗಿ ಹುಡುಗನಿಗೆ ಹೇಳಿದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹೇಳಲಿಲ್ಲ. ಮೂರು ದಿನ ಸುಮ್ಮನಿದ್ದೆ. ನನಗೆ ಯಾರು ಹೇಳಿದ್ದರು, ನಾನ್ಯಾಕೆ ಹೇಳಲಿ ಅಂತ ಒಂದು ಮನಸ್ಸು. ಅಷ್ಟರಲ್ಲಿ ನವೆಂಬರ್ 8ರ ರಾತ್ರಿ ಬಂತು, ಐನೂರು, ಸಾವಿರದ ನೋಟು ನಡೆಯಲ್ಲ ಅಂತ ಟಿ.ವಿ.ಯಲ್ಲಿ ಹೇಳಿದರು. ಬೆಳಿಗ್ಗೆ ಹುಡುಗನ ತಾಯಿಯೇ ಬಂದಳು. ನೋಟು ಹೋಯ್ತಲ್ಲಪ್ಪ, ಮುಂಗಡ ನಿಂತದೋ ಇಲ್ಲವೋ ಅಂತ ಕೇಳೋಕೆ. ಬೇಕಾದರೆ ಅವನ್ನು ಬದಲಾಯಿಸಿ ಕೊಡ್ತೀವಿ, ಗಾಡಿ ಮಾತ್ರ ಬೇರೆಯವರಿಗೆ ಕೊಡಬೇಡ ಅಂದಳು. ನಾನು ಅವಳನ್ನು ಗಾಡಿ ಹತ್ತಿರ ಕರ್ಕೊಂಡು ಹೋಗಿ ಮ್ಯಾಟ್ ಎತ್ತಿದೆ. ಬೆಲ್ಟ್ ಎಳೆದು ತೋರಿಸಿದೆ. ಘಟ್ಟದಲ್ಲಿ ಆದದ್ದು ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. 'ಮೊನ್ನೆ ಯಾಕೆ ಹೇಳ್ನಿಲ್ಲ?' ಅಂದಳು. ಅದಕ್ಕೆ ಈಗಲೂ ನನ್ನ ಹತ್ತಿರ ಜವಾಬಿಲ್ಲ.

ಹಳೇ ನೋಟನ್ನೇ ವಾಪಸ್ ಕೊಡಲು ಮನಸ್ಸು ಬರಲಿಲ್ಲ. ಅವನ್ನು ನಾನೇ ಬ್ಯಾಂಕಿಗೆ ಕಟ್ಟಿದೆ. ನೂರರ ನೋಟು ಎಲ್ಲೂ ಸಿಗದ ಕಾಲ, ಕೋಸು ಕೇಳೋರೂ ಇಲ್ಲ. ಸಿಕ್ಕ ಸಿಕ್ಕ ಹಾಗೆ ನಾಲ್ಕು ಕಂತಿನಲ್ಲಿ 10,000 ತೀರಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಸಾಲ ಮಾಡಿ ವೈರಿಂಗ್ ಪೂರ್ತಿ ಮಾಡಿಸಿದೆ. ನಾಲ್ಕು ದಿನ ಪಕ್ಕದಲ್ಲೇ ಕೂತು ನೋಡಿದೆ. ಉಳಿಸಬಹುದಾದ ವೈರನ್ನು ಸಾಬರು ತಾಮ್ರ ಕೆಂಪಗೆ ಕಾಣೋವರೆಗೆ ಕತ್ತರಿಸುತ್ತಾ ಹೋಗುತ್ತಿದ್ದರು. ಒಂದಡಿ ಹೋದರೂ ಕೆಂಪು ಕಾಣದಿದ್ದರೆ ಇಡೀ ವೈರೇ ಬಿಸಾಕೋದು. ಜೋಡಿಸಿದ ಕಡೆ ಬೆಸುಗೆ, ಅದರ ಮೇಲೆ ಬಿಸಿಗೆ ಮುದುಡಿ ಕಚ್ಚಿಕೊಳ್ಳೋ ತೋಳು. ಬರೀ ಟೇಪು ನೀರನ್ನು ತಡೆಯಲ್ಲ, ಒಳಗೆ ಹಿಡಿದಿಡ್ತದೆ. ಅರ್ತ್ ಬೋಲ್ಟಿನ ಜಾಗವನ್ನು ಬಿಳೀ ಕಬ್ಬಿಣ ಕಾಣೋವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸು ಬಳಿದರು.

ಆ ಹುಡುಗ ಬೇರೆ ಗಾಡಿ ತಗೊಂಡ. ಕೊಳ್ಳುವಾಗ ಅವನ ತಾಯಿ ನನ್ನನ್ನೂ ಕಳಿಸಿದ್ದಳು, ಬೆಲ್ಟ್ ಎಳೆದು ನೋಡೋಕೆ. ವಾಚನಾಲಯಕ್ಕೆ ಬರೋ ಹುಡುಗರೂ ಈಗ ಕರೀತಾರೆ, ಹೋಗ್ತೀನಿ.

ನಮ್ಮ ವ್ಯಾನು ಇನ್ನೂ ಓಡುತ್ತಾ ಅದೆ. ಹಿಂದಿನ ಸೀಟಿನ ಮೇಲಿನ ದೀಪದ ವೈರೊಂದು ಮಾತ್ರ ಹಳೆಯದು, ಬಾಗಿಲ ಪಕ್ಕದ ಕಂಬದೊಳಗೆ ಹೋಗ್ತದೆ, ತೆಗೆಯೋದಕ್ಕೆ ಬಹಳ ಬಿಚ್ಚಬೇಕು ಅಂದರು, ದುಡ್ಡು ಸಾಲಲಿಲ್ಲ. ಅದರ ಸಂಪರ್ಕ ಕಿತ್ತು ಹಾಕಿಸಿದೀನಿ. ರಾತ್ರಿ ಹೊತ್ತು ಮೇಳದವರು ಮೊಬೈಲ್ ಬೆಳಕಲ್ಲೇ ಗೆಜ್ಜೆ ಕಟ್ಟಿಕೊಳ್ತಾರೆ.