ಕಳಸದ ದಾರಿಯಲ್ಲಿ ಮೋಹನಸ್ವಾಮಿ

ಕಾಫಿಯ ಗಿಡ ಹೂವಾಗುವುದು ವರ್ಷಕ್ಕೊಮ್ಮೆ, ಅದೂ ಕೆಲವೇ ದಿನಗಳ ಮಾತು. ಬೇಸಗೆಯ ನಡುವೆ ಒಂದು ಹದವಾದ ಮಳೆ ಬಿದ್ದು ಎಂಟು ಹತ್ತು ದಿನ ಕಳೆದರೆ ಸಾಕು, ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೊರಟ ಬಸ್ಸಿನ ಕಿಟಕಿಯೊಳಗೆ ಮಲ್ಲಿಗೆಯಂಥ ಕಂಪು ತಾನಾಗಿ ನುಗ್ಗಿ ಬರುತ್ತದೆ. ಸಿಲ್ವರ್ ಓಕ್ ಮರಗಳ ಕೆಳಗೆ, ಮೆಣಸಿನ ಬಳ್ಳಿ ಹಬ್ಬಿದ ಹಾಲವಾಣದ ನೆರಳಿನಲ್ಲಿ, ರೆಂಬೆ ರೆಂಬೆಯೂ ಬೆಳ್ಳಗೆ. ಬೆಳೆಗಾರರು ಅದಕ್ಕೆ ಕಾರಣವಾದ ಮಳೆಯನ್ನು ಹೂಮಳೆ ಎನ್ನುತ್ತಾರೆ. ಆ ಮಳೆ ತಪ್ಪಿದರೆ ಆ ವರ್ಷದ ಫಸಲೂ ತಪ್ಪಿತೆಂದೇ ಅವರ ಲೆಕ್ಕ.

ಕಾದಂಬರಿಕಾರರಿಗೆ ಈ ನೋಟ ಹಳೆಯ ಮೋಹ. ಎಸ್ಟೇಟಿನ ಬಂಗಲೆ, ಜೀಪು ನಡೆಸುವ ನಾಯಕ, ಬೆಂಗಳೂರಿನಿಂದ ರಜೆಗೆ ಬಂದ ನಾಯಕಿ, ನಡುವೆ ಒಂದು ಜಡಿಮಳೆ. ಇಷ್ಟಿದ್ದರೆ ವಾರಪತ್ರಿಕೆಯ ಧಾರಾವಾಹಿಯೊಂದು ಇಪ್ಪತ್ತು ವಾರ ನಿರಾತಂಕವಾಗಿ ಸಾಗುತ್ತಿತ್ತು. ಕೊನೆಯ ಕಂತಿನಲ್ಲಿ ಮಂಗಳವಾದ್ಯ ಮೊಳಗುವುದೂ ಖಚಿತವೇ.

ಅದರಲ್ಲಿ ತಪ್ಪೇನೂ ಇಲ್ಲ. ಈ ಸೀಮೆಗೂ ಮದುವೆಗೂ ಇರುವ ನಂಟು ಕಾದಂಬರಿಗಳಿಗಿಂತ ಬಹಳ ಹಳೆಯದು. ಸಖರಾಯಪಟ್ಟಣದ ದೊರೆ ರುಕ್ಮಾಂಗದನು ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರೇ ಚಿಕ್ಕಮಗಳೂರು ಎಂಬುದು ಜನರ ನಂಬಿಕೆ. ಹಿರಿಯ ಮಗಳ ಪಾಲಿನ ಹಿರೇಮಗಳೂರು ಪಟ್ಟಣದ ಮಗ್ಗುಲಲ್ಲೇ ಇದೆ. ಅಲ್ಲಿಯ ಕೋದಂಡರಾಮನ ಗುಡಿಯಲ್ಲಿ ಪೂಜೆ ನಡೆಯುವುದು ಕನ್ನಡದಲ್ಲಿ. ಅದಕ್ಕಿಂತ ವಿಶೇಷವೆಂದರೆ ಸೀತೆ ನಿಂತಿರುವ ಸ್ಥಾನ. ಬೇರೆಡೆಗಳಲ್ಲಿ ರಾಮನ ಎಡಕ್ಕೆ ಕಾಣುವ ಸೀತಾದೇವಿ ಇಲ್ಲಿ ಬಲಕ್ಕೆ ನಿಂತಿದ್ದಾಳೆ. ಪರಶುರಾಮನು ಸೀತಾರಾಮರನ್ನು ಮದುವೆಯ ಭಂಗಿಯಲ್ಲಿ ನೋಡಬಯಸಿದನಂತೆ. ಅದಕ್ಕೇ ಹೀಗೆ ಎನ್ನುತ್ತದೆ ಸ್ಥಳಪುರಾಣ.

ಇಷ್ಟೊಂದು ಮದುವೆಗಳ ಈ ದಾರಿಯಲ್ಲಿ, ಆ ಕೊನೆಯ ಕಂತು ತನಗಾಗಿ ಬರೆದದ್ದಲ್ಲವೆಂದು ಹದಿನೇಳು ಹದಿನೆಂಟರ ವಯಸ್ಸಿನಲ್ಲೇ ತಿಳಿದ ಹುಡುಗನೊಬ್ಬನು ಬಸ್ಸಿನಲ್ಲಿ ಕುಳಿತಿದ್ದರೆ? ಅವನ ಮನಸ್ಸು ಇನ್ನೊಬ್ಬ ಹುಡುಗನಲ್ಲಿ ನೆಟ್ಟಿದ್ದರೆ? ಅಂಥವನು ತನ್ನದೆಂದು ಕೈಗೆತ್ತಿಕೊಳ್ಳಬಹುದಾದ ಪುಸ್ತಕ ಕನ್ನಡದಲ್ಲಿ ಬಹುಕಾಲ ಸುಲಭವಾಗಿ ದೊರೆಯುತ್ತಿರಲಿಲ್ಲ. 2013ರಲ್ಲಿ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಪ್ರಕಟವಾಯಿತು. ವಸುಧೇಂದ್ರರು ಮಲೆನಾಡಿನವರಲ್ಲ, ಬಳ್ಳಾರಿ ಸೀಮೆಯ ಸಂಡೂರಿನವರು. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿ ಹಲವು ವರ್ಷ ಕಳೆದವರು. ಮೋಹನಸ್ವಾಮಿಯ ಮೊದಲ ಕಥೆಯನ್ನು ಅವರು ಅಚ್ಚಿಗೆ ಕೊಟ್ಟದ್ದು ಗುಪ್ತನಾಮದಲ್ಲಿ. ಸಂಕಲನವನ್ನು ಮಾತ್ರ ತಮ್ಮ ಹೆಸರಿನಲ್ಲೇ ಹೊರತಂದು, ಇದು ತನ್ನ ಬದುಕೂ ಹೌದೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗುಪ್ತನಾಮದಿಂದ ಸ್ವಂತ ಹೆಸರಿಗೆ ಬರುವ ಆ ದಾರಿ ಯಾವ ಘಟ್ಟದ ದಾರಿಗೂ ಕಡಿಮೆಯದಲ್ಲ.

ಮೋಹನಸ್ವಾಮಿಯ ಕಥೆಗಳಲ್ಲಿ ಓರಗೆಯ ಹುಡುಗರ ಮೂದಲಿಕೆಯುಂಟು, ಮೈಯ ಹಸಿವುಂಟು, ದೇವರ ಮುಂದೆ ನಿಂತು ತನ್ನನ್ನು ಬದಲಿಸೆಂದು ಬೇಡುವ ಸಂಕಟವುಂಟು. ಎಲ್ಲಕ್ಕಿಂತ ನೋಯಿಸುವುದು ಕಾರ್ತಿಕನ ಪ್ರಸಂಗ. ಮೋಹನಸ್ವಾಮಿ ಜೀವಕ್ಕಿಂತ ಹೆಚ್ಚಾಗಿ ನೆಚ್ಚಿದ್ದ ಕಾರ್ತಿಕನು ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಇತರರಿಗೆ ಮಂಗಳವಾದ್ಯವಾಗಿ ಕೇಳಿದ್ದು ಅವನೊಬ್ಬನಿಗೆ ಬೇರೆಯೇ ಆಗಿ ಕೇಳುತ್ತದೆ. ಪುಸ್ತಕ ಹೊರಬಿದ್ದ ಮೇಲೆ ಲೇಖಕರಿಗೆ ಸಣ್ಣ ಊರುಗಳಿಂದಲೂ ಕರೆಗಳು ಬಂದವು. 2016ರಲ್ಲಿ ರಶ್ಮಿ ತೇರದಾಳ ಅವರ ಇಂಗ್ಲಿಷ್ ಅನುವಾದವೂ ಬಂದಿತು.

ಸಣ್ಣ ಊರು ಎಂದಾಗ ಮೂಡಿಗೆರೆಯಂಥ ಊರನ್ನೇ ನೆನೆಯಬೇಕು. ತೋಟದ ಮನೆಯಿಂದ ತೋಟದ ಮನೆಗೆ ಮೈಲಿಗಟ್ಟಲೆ ದೂರವಿದ್ದರೂ ಇಲ್ಲಿ ಗುಟ್ಟು ಉಳಿಯುವುದಿಲ್ಲ. ಯಾರ ಜೀಪು ಯಾವ ತಿರುವಿನಲ್ಲಿ ಎಷ್ಟು ಹೊತ್ತು ನಿಂತಿತ್ತೆಂಬುದು ಸಂತೆಯ ದಿನ ಎಲ್ಲರಿಗೂ ತಿಳಿದಿರುತ್ತದೆ. ಬೆಂಗಳೂರಿನ ಗದ್ದಲದಲ್ಲಿ ಅಡಗಿಕೊಳ್ಳುವಷ್ಟು ಸುಲಭವಾಗಿ ಈ ಕಾಡಿನಲ್ಲಿ ಅಡಗಿಕೊಳ್ಳಲಾಗದು ಎಂಬುದು ವಿಚಿತ್ರವಾದರೂ ನಿಜ.

ಆದರೂ ಮೂಡಿಗೆರೆ ಬರಿಯ ಗುಸುಗುಸು ಮಾತಿನ ಊರಲ್ಲ. ಪೂರ್ಣಚಂದ್ರ ತೇಜಸ್ವಿಯವರು ನೆಲೆಸಿದ್ದ ಊರಿದು. ಅವರ ‘ಚಿದಂಬರ ರಹಸ್ಯ’ದ ಕೆಸರೂರಿನಲ್ಲಿ ಏಲಕ್ಕಿಯ ಅವನತಿ, ಪುಂಡರ ಕ್ರಾಂತಿ, ಪತ್ತೇದಾರಿಕೆ ಎಲ್ಲವುಗಳ ನಡುವೆ ಜಯಂತಿ ಮತ್ತು ರಫಿ ಎಂಬ ಇಬ್ಬರು ಎಳೆಯರ ಪ್ರೀತಿಯಿದೆ. ಊರಿಗೆ ಊರೇ ಸಹಿಸದ ಪ್ರೀತಿ ಅದು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಕಾದಂಬರಿಯಲ್ಲಿ ಮೋಹನಸ್ವಾಮಿಯಂಥವನು ಇಲ್ಲ. ಆದರೆ ಯಾರು ಯಾರನ್ನು ಪ್ರೀತಿಸಬಹುದೆಂದು ಊರು ತೀರ್ಮಾನಿಸಲು ಹೊರಟರೆ ಏನಾಗುತ್ತದೆಂಬುದನ್ನು ಈ ಬೆಟ್ಟಗಳ ನಡುವೆ ನಿಂತು ತೋರಿಸಿದ ಪುಸ್ತಕ ಅದೇ.

ಇಲ್ಲಿಯೂ ಒಂದು ಮದುವೆಯ ಕಥೆಯಿದೆ. ಮೈಸೂರಿನ ಓದು ಮುಗಿಸಿ ಮೂಡಿಗೆರೆಯ ಬಳಿ ಚಿತ್ರಕೂಟವೆಂಬ ತೋಟದಲ್ಲಿ ಬೇಸಾಯಕ್ಕೆ ನಿಂತ ತೇಜಸ್ವಿ, ತಾವು ಪ್ರೀತಿಸಿದ ರಾಜೇಶ್ವರಿಯವರನ್ನು 1966ರಲ್ಲಿ ವರಿಸಿದರು. ಆ ಮದುವೆಗೆಂದೇ ಕುವೆಂಪು ಅವರು ‘ಮಂತ್ರಮಾಂಗಲ್ಯ’ದ ವಿಧಿಯನ್ನು ರೂಪಿಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಗಂಡು ಹೆಣ್ಣು ಪರಸ್ಪರ ನೀಡುವ ವಚನವೇ ಮುಖ್ಯ. ಮದುವೆಯೆಂಬುದು ಆದಿಯಿಂದ ಬಂದಂತೆಯೇ ಇರಬೇಕೆಂದೇನೂ ಇಲ್ಲ, ಅದನ್ನು ಮನುಷ್ಯರು ಕುಳಿತು ಮತ್ತೆ ಬರೆಯಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಕನ್ನಡಿಗರಿಗೆ ಬೇಕಿಲ್ಲ. (ಈಗೀಗ ದೊಡ್ಡ ಛತ್ರ ಹಿಡಿದು ಭಾರಿ ಭೋಜನ ಹಾಕಿಸಿ ಮಂತ್ರಮಾಂಗಲ್ಯ ನೆರವೇರಿಸುವವರೂ ಉಂಟು, ಅದು ಬೇರೆಯ ಮಾತು.)

ಕಾನೂನು ಮಾತ್ರ ನಿಧಾನವಾಗಿ ನಡೆಯಿತು. ಈ ಬೆಟ್ಟಗಳಲ್ಲಿ ಬಿಳಿಯ ದೊರೆಗಳು ಕಾಫಿ ತೋಟಗಳನ್ನು ಹಬ್ಬಿಸುತ್ತಿದ್ದ ಶತಮಾನದಲ್ಲೇ, 1860ರ ದಂಡ ಸಂಹಿತೆಯ 377ನೆಯ ಕಲಮೂ ಬಂದಿತು. ದೊರೆಗಳು ಹೋದರು, ಕಲಮು ಉಳಿಯಿತು. ‘ಮೋಹನಸ್ವಾಮಿ’ ಹೊರಬಂದ 2013ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯವು, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಆದರೆ ಮದುವೆಯ ಹಕ್ಕಿನ ಪ್ರಶ್ನೆ ಬಂದಾಗ, 2023ರ ಅಕ್ಟೋಬರ್ 17ರಂದು, ಅದು ಶಾಸನಸಭೆಯ ಕೆಲಸವೆಂದು ಹೇಳಿ ಹಿಂದೆ ಸರಿಯಿತು. ಹೀಗಾಗಿ ಇಬ್ಬರು ಗಂಡಸರು ಪರಸ್ಪರ ಯಾವ ವಚನ ಕೊಟ್ಟುಕೊಂಡರೂ ಅದು ಅವರಿಬ್ಬರ ನಡುವೆಯೇ ಉಳಿಯಬೇಕು. ಆಸ್ತಿಯ ಪತ್ರಕ್ಕೂ ಅದು ಪತಿಪತ್ನಿಯರ ವಚನವಲ್ಲ.

ಮೂಡಿಗೆರೆಯಿಂದ ಮುಂದೆ ಕೊಟ್ಟಿಗೆಹಾರ. ಚಾರ್ಮಾಡಿ ಘಟ್ಟದ ತಲೆಯ ಮೇಲಿನ ಈ ಪುಟ್ಟ ಊರಿನಲ್ಲಿ ಬಸ್ಸು ಇಳಿದವರು ನೀರುದೋಸೆ ತಿನ್ನದೆ ಮುಂದೆ ಹೋಗುವುದಿಲ್ಲ. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇಲ್ಲಿಯೇ ಇದೆ. ಇಲ್ಲಿಂದ ಕಳಸದ ಕಡೆಗೆ ತಿರುಗಿದ ಮೇಲೆ ಮಂಜು ದಟ್ಟವಾಗುತ್ತದೆ, ತಿರುವುಗಳು ಬಿಗಿಯಾಗುತ್ತವೆ. ಎದುರಿನ ಬೆಟ್ಟ ಒಮ್ಮೆ ಕಾಣಿಸಿ ಮರೆಯಾಗುತ್ತದೆ.

ಬೆಟ್ಟವೆಂದರೆ ಮತ್ತೆ ಮೋಹನಸ್ವಾಮಿಯ ನೆನಪು. ಸಂಕಲನದ ಕೊನೆಗೆ ಅವನು ಏರುವುದು ಆಫ್ರಿಕದ ಕಿಲಿಮಂಜಾರೋ ಶಿಖರವನ್ನು. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿ 1930 ಮೀಟರ್, ಕಿಲಿಮಂಜಾರೋ 5895. ಆ ಪರ್ವತದ ಇಳಿಜಾರಿನಲ್ಲಿಯೂ ಜನ ಕಾಫಿಯನ್ನೇ ಬೆಳೆಯುತ್ತಾರೆ. ಬಾಬಾಬುಡನ್ ಎಂಬ ಸಂತನು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ಯಾರಿಗೂ ತಿಳಿಯದಂತೆ ಮೈಯಲ್ಲಿ ಅಡಗಿಸಿಕೊಂಡು ಈ ಗಿರಿಗೆ ತಂದನೆಂಬ ಕಥೆಯನ್ನು ಬಲ್ಲವರಿಗೆ, ಮೋಹನಸ್ವಾಮಿ ತನ್ನದನ್ನು ಅಡಗಿಸಿಕೊಂಡು ಅಷ್ಟು ದೂರ ನಡೆದದ್ದು ತೀರ ಅಪರಿಚಿತವೆನಿಸಲಾರದು.

ಕಳಸ ಭದ್ರೆಯ ದಡದ ಊರು. ಮೆಟ್ಟಿಲು ಹತ್ತಿದರೆ ಕಳಸೇಶ್ವರನ ಗುಡಿ. ಶಿವಪಾರ್ವತಿಯರ ಕಲ್ಯಾಣಕ್ಕೆ ಮೂರು ಲೋಕವೂ ಉತ್ತರದಲ್ಲಿ ನೆರೆದಾಗ ಭೂಮಿ ಅತ್ತ ವಾಲಿತಂತೆ. ಅದನ್ನು ಸರಿದೂಗಿಸಲು ಅಗಸ್ತ್ಯ ಮುನಿಯೊಬ್ಬರನ್ನು ದಕ್ಷಿಣಕ್ಕೆ ಕಳುಹಿಸಿದರು. ಎಲ್ಲರೂ ಮದುವೆಯ ಮನೆಯಲ್ಲಿದ್ದಾಗ ಅವರೊಬ್ಬರು ದೂರದ ಕಾಡಿನಲ್ಲಿ! ಕಲ್ಯಾಣವನ್ನು ನೋಡುವ ಆಸೆ ಅವರಿಗೂ ಇತ್ತು. ಅವರಿಗೆ ಅದರ ದರ್ಶನವಾದದ್ದು ಈ ನೆಲದಲ್ಲಿ ಎಂಬುದು ಕಳಸದ ಸ್ಥಳಪುರಾಣ. ಗಿರಿಜಾ ಕಲ್ಯಾಣದ ಉತ್ಸವ ಇಲ್ಲಿ ಈಗಲೂ ನಡೆಯುತ್ತದೆ. ಮದುವೆಯ ಚಪ್ಪರದ ಹೊರಗೆ ನಿಂತವನಿಗಾಗಿ ಇರುವ ಪುರಾಣ ಕನ್ನಡ ನಾಡಿನಲ್ಲಿ ಇನ್ನೆಷ್ಟಿವೆಯೋ! ಭೂಮಿಯ ಸಮತೂಕ ಉಳಿದದ್ದು ಅವನು ಹೊರಗೆ ನಿಂತದ್ದರಿಂದಲೇ ಎಂಬುದನ್ನೂ ಪುರಾಣ ಮರೆತಿಲ್ಲ.

ಕಳಸಕ್ಕೆ ಬಂದವರು ಹೊರನಾಡಿಗೆ ಹೋಗದೆ ಹಿಂದಿರುಗುವುದು ಅಪರೂಪ. ಭದ್ರೆಯನ್ನು ದಾಟಿ ಎಂಟು ಕಿಲೋಮೀಟರಿನಷ್ಟು ಹೋದರೆ ಅನ್ನಪೂರ್ಣೇಶ್ವರಿಯ ಸನ್ನಿಧಿ. ಮಧ್ಯಾಹ್ನದ ಹೊತ್ತಿಗೆ ಪಂಕ್ತಿ ಕೂರುತ್ತದೆ. ಸಂಸಾರಗಳು, ವಿದ್ಯಾರ್ಥಿಗಳು, ಒಂಟಿ ಪ್ರಯಾಣಿಕರು, ಜೊತೆಯಾಗಿ ಬಂದ ಇಬ್ಬರು ಗೆಳೆಯರು ಸಾಲಾಗಿ ಕುಳಿತುಕೊಳ್ಳುತ್ತಾರೆ. ಯಾರಿಗೆ ಯಾರು ಏನಾಗಬೇಕೆಂದು ಬಡಿಸುವವರು ಕೇಳುವುದಿಲ್ಲ. ಅನ್ನದ ಹಿಂದೆಯೇ ಬಿಸಿ ಸಾರಿನ ಪಾತ್ರೆ ಬರುತ್ತದೆ.