ನಿಂತ ತಾರೀಖು

ನಮ್ಮ ತೀರ್ಥರೂಪರು ಬಿಟ್ಟುಹೋದ ವಸ್ತುಗಳಲ್ಲಿ ಒಂದು ಎಚ್‌ಎಂಟಿ ಕೈಗಡಿಯಾರವೂ ಇದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರಗಳ ತಯಾರಿಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ಈಗ ಬಿಡಿಭಾಗ ಬೇಕಾದರೆ ಹೆಚ್ಚಾಗಿ ಮತ್ತೊಂದು ಹಳೆಯ ಗಡಿಯಾರವನ್ನೇ ಬಿಚ್ಚಬೇಕು.

ಗುಂಡ್ಲುಪೇಟೆಯ ವೃದ್ಧ ದುರಸ್ತಿಗಾರರೊಬ್ಬರಿಂದ ಅದನ್ನು ಶುಚಿ ಮಾಡಿಸಿ ಚಾಮರಾಜನಗರಕ್ಕೆ ತಂದಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ತಾರೀಖು 1ರಲ್ಲಿ ನಿಂತುಬಿಟ್ಟಿತು. ಗಂಟೆ, ನಿಮಿಷಗಳಲ್ಲಿ ಲೋಪವಿರಲಿಲ್ಲ. (ಅಷ್ಟಮಿ, ಚತುರ್ದಶಿಗಳಿಗೆ ಹೇಗೂ ಪಂಚಾಂಗವೇ ಬೇಕು, ಆ ಯಂತ್ರಕ್ಕೆ ಚಂದ್ರನ ಲೆಕ್ಕ ತಿಳಿಯದು.) ಆದರೂ ಸಿಟ್ಟು ಬಂದಿತು. "ಮುದುಕರಿಗೆ ಕಣ್ಣು ಕಾಣದು, ಕೆಡಿಸಿಟ್ಟರು" ಎಂದು ಪರಿಚಿತರಿಬ್ಬರ ಮುಂದೆ ಆಡಿದೆ.

ತೆರಕಣಾಂಬಿಯ ಮಾರ್ಗವಾಗಿ ಮತ್ತೆ ಗುಂಡ್ಲುಪೇಟೆಗೆ ಹೋದೆ. ಅವರು ಮುಳ್ಳುಗಳನ್ನು ಎರಡು ದಿನಗಳಷ್ಟು ಮುಂದಕ್ಕೆ ಸುತ್ತಿಸಿದರು, ತಾರೀಖು ಕದಲಲಿಲ್ಲ. ಕೀ ಕೊಡುವ ಗುಂಡಿಯನ್ನು ಅರ್ಧ ಎಳೆದು ತಿರುಗಿಸಿದಾಗ ಮಾತ್ರ ಅಂಕಿಗಳು ಒಂದೊಂದಾಗಿ ಸರಿದು ನಿಂತವು. "ಉಂಗುರ ಚೆನ್ನಾಗಿದೆ, ಅದನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗೂ ಚೆನ್ನಾಗಿದೆ" ಎನ್ನುತ್ತ ಅಂಕಿಫಲಕವನ್ನು ತೆಗೆದರು. ತಾರೀಖಿನ ಉಂಗುರಕ್ಕೆ 31 ಹಲ್ಲುಗಳು. ಪಕ್ಕದಲ್ಲಿ 24 ಗಂಟೆಗೊಮ್ಮೆ ಸುತ್ತುವ ಪುಟ್ಟ ಚಕ್ರ. ಅದರ ಬೆರಳು ನಡುರಾತ್ರಿಯ ಸುಮಾರಿಗೆ ಒಂದು ಹಲ್ಲನ್ನು ತಳ್ಳಬೇಕು. ಆ ಬೆರಳಿನ ತುದಿ ಮುರಿದಿತ್ತು.

"ರಾತ್ರಿ ಹೊತ್ತು ತಾರೀಖು ತಿರುಗಿಸಿದಿರಾ ಸ್ವಾಮಿ?"

"ಇಲ್ಲ" ಎಂದೆ.

ಸುಮಾರು ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಬೆರಳು ಹಲ್ಲಿಗೆ ತಾಗಿಕೊಂಡಿರುತ್ತದೆಯೆಂದೂ, ಆಗ ಗುಂಡಿ ತಿರುಗಿಸಿದರೆ ಎರಡರಲ್ಲೊಂದು ಮುರಿಯಬಹುದೆಂದೂ, ಮೊದಲು ಮುಳ್ಳುಗಳನ್ನು 6ಕ್ಕೆ ತಂದು ಅನಂತರ ತಾರೀಖು ಬದಲಿಸಬೇಕೆಂದೂ ಅವರು ವಿವರಿಸಿದರು. 31 ದಿನಗಳಿಲ್ಲದ ತಿಂಗಳು ಮುಗಿದಾಗ, ಅಂದರೆ ವರ್ಷಕ್ಕೆ 5 ಬಾರಿ, ಈ ಕೆಲಸ ಬೀಳುತ್ತದೆ. ಕೇಳುತ್ತಿದ್ದಂತೆ ನವೆಂಬರ್ 30ರ ರಾತ್ರಿ ನೆನಪಾಯಿತು. ಮಲಗುವ ಮುನ್ನ, 11 ಗಂಟೆಗೆ, 30ರಿಂದ 1ಕ್ಕೆ ತಿರುಗಿಸಿದವನು ನಾನೇ. ಗುಂಡಿ ಬಿಗಿಯಾಗಿತ್ತು, ಬಲ ಹಾಕಿದ್ದೆ.

ಆಗಲೂ ಬಾಯಿ ತೆರೆಯಲಿಲ್ಲ. ತಮ್ಮ ಕೈಯಿಂದಲೇ ಆಗಿರಬಹುದೆಂದು ಅವರು ಕೂಲಿ ಬೇಡವೆಂದರು. ಬೇರೊಂದು ಹಾಳಾದ ಗಡಿಯಾರದಿಂದ ಚಕ್ರವನ್ನು ತೆಗೆದು ಕೂಡಿಸಿದರು. ಅದರ ಬೆಲೆಯನ್ನಷ್ಟೇ ಪಡೆದರು. ಅರಿಯದೆ ಮಾಡಿದ ತಪ್ಪಿಗಿಂತ ಆ ಉಳಿಸಿದ ಕೂಲಿಯೇ ನನಗೆ ಭಾರವಾಯಿತು.

ಮುಂದಿನ ವಾರ ಹೋಗಿ ನಿಜ ಹೇಳಿದೆ. ಕೂಲಿಯನ್ನು ಮೇಜಿನ ಮೇಲಿಟ್ಟೆ. "ಮುರಿದ ರೀತಿ ನೋಡಿದಾಗಲೇ ಅನುಮಾನವಿತ್ತು ಸ್ವಾಮಿ. ನೀವು ಇಲ್ಲ ಅಂದಿರಿ, ನಂಬಿದೆ" ಎಂದರು, ಹಣವನ್ನು ಎಣಿಸದೆ ಪೆಟ್ಟಿಗೆಗೆ ಹಾಕಿಕೊಂಡರು.

ಊರಿಗೆ ಮರಳಿ ಆ ಇಬ್ಬರು ಪರಿಚಿತರ ಮನೆಗಳಿಗೂ ಹೋದೆ. ಒಬ್ಬರು ನಕ್ಕು ಕಾಫಿ ಕೊಟ್ಟರು. ಇನ್ನೊಬ್ಬರು, ಅವರಿಗೆ ಕೊಡಬೇಕೆಂದಿದ್ದ ತಮ್ಮ ಮೂರು ಗಡಿಯಾರಗಳನ್ನು ಆಗಲೇ ಮೈಸೂರಿನಲ್ಲಿ ದುರಸ್ತಿಗೆ ಕೊಟ್ಟುಬಿಟ್ಟಿದ್ದರು.